ದೊಡ್ಡ ಸೈಲೆನ್ಸರ್, ಏರಿದ ಬೂಸ್ಟ್: ಗ್ಯಾರೇಜಿನಲ್ಲಿ ಕಲಿತ ಭೌತಶಾಸ್ತ್ರ



ಕಳೆದ ತಿಂಗಳು ಪ್ರಯೋಗಾಲಯದಲ್ಲಿ ದ್ವಿತೀಯ ಪಿಯುಸಿಯ ಹುಡುಗನೊಬ್ಬ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡ ಮೇಲೂ ಹೋಗದೆ ಅಲ್ಲೇ ನಿಂತಿದ್ದ. "ಸರ್, ಸಿಲೆಬಸ್ಸಿನಲ್ಲಿ ಇಲ್ಲದ ಒಂದು ಡೌಟು. ಕೇಳಬಹುದಾ?" ಎಂದ.

ಅವನ ಅಣ್ಣನ ಬಳಿ ಟರ್ಬೊ ಇರುವ ಪೆಟ್ರೋಲ್ ಕಾರು ಇದೆ. ಕಂಪೆನಿಯಿಂದ ಬಂದ ಸೈಲೆನ್ಸರ್ ತೆಗೆಸಿ, ದಪ್ಪ ಪೈಪಿನ ಬೇರೆ ಸೈಲೆನ್ಸರ್ ಹಾಕಿಸಿದ್ದಾರೆ. ಆಮೇಲೆ ಪಿಕಪ್ ಜಾಸ್ತಿಯಾಗಿದೆ. ಆದರೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಕಾರು ಜರ್ಕ್ ಹೊಡೆಯುತ್ತದೆ, ಶಕ್ತಿಯೆಲ್ಲ ಇಳಿದುಹೋಗುತ್ತದೆ, ಮೀಟರಿನಲ್ಲಿ ಹಳದಿ ದೀಪ ಹತ್ತಿಕೊಳ್ಳುತ್ತದೆ. "ಓವರ್‌ಬೂಸ್ಟ್ ಅಂದರು ಸರ್. ಲ್ಯಾಪ್‌ಟಾಪ್ ಹಾಕಿ ಆ ಕಟ್ ತೆಗೆದುಬಿಟ್ಟರೆ ಸರಿಯಾಗುತ್ತದಂತೆ. ತೆಗೆಸಬಹುದಾ?"

ನಾನು "ಬೇಡ" ಎಂದದ್ದು ಪಕ್ಕದ ಕೆಮಿಸ್ಟ್ರಿ ಲ್ಯಾಬಿಗೂ ಕೇಳಿಸಿತಂತೆ. ಹುಡುಗ ಬೆಚ್ಚಿಬಿದ್ದ. ಅಷ್ಟು ಜೋರಾಗಿ ಹೇಳಲು ಕಾರಣವಿತ್ತು. ಅದೇ ತಪ್ಪನ್ನು ನಾನು ಒಮ್ಮೆ ನನ್ನ ಕೈಯಾರೆ ಮಾಡಿದ್ದೇನೆ. ಅವನಿಗೆ ಅಂದು ಅರ್ಧಗಂಟೆಯಲ್ಲಿ ಹೇಳಿದ್ದನ್ನು ಇಲ್ಲಿ ಎಲ್ಲರಿಗೂ ವಿವರವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಭೌತಶಾಸ್ತ್ರವೆಲ್ಲ ನಿಮ್ಮ ಪಠ್ಯಪುಸ್ತಕದ್ದೇ.

ಶಾರ್ಜಾದ ಎರಡು ವರ್ಷ

ಬಿ.ಎಸ್ಸಿ. ಮುಗಿದ ಮೇಲೆ ಎಂ.ಎಸ್ಸಿ. ಓದಲು ಮನೆಯಲ್ಲಿ ಅನುಕೂಲ ಇರಲಿಲ್ಲ. ನಮ್ಮ ಕರಾವಳಿಯ ಅನೇಕರಂತೆ ನಾನೂ ಗಲ್ಫಿಗೆ ಹೋದೆ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನ ಸೋದರಮಾವನದೊಂದು ಸಣ್ಣ ಗ್ಯಾರೇಜು ಇತ್ತು. ಅಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಮುಖ್ಯ ಮೆಕ್ಯಾನಿಕ್ ಪೇಶಾವರದ ಕಡೆಯ ಹಿರಿಯರು. ಎಲ್ಲರೂ ಅವರನ್ನು 'ಉಸ್ತಾದ್' ಎನ್ನುತ್ತಿದ್ದರು. ನಮ್ಮೂರಲ್ಲಿ ಉಸ್ತಾದ್ ಎಂದರೆ ಮದರಸದ ಗುರುಗಳು. ಅಲ್ಲಿ ಸ್ಪ್ಯಾನರ್ ಹಿಡಿದು ಕಲಿಸುವವರಿಗೂ ಅದೇ ಹೆಸರು. ಅವರು ಶಾಲೆ ಓದಿದ್ದು ಕಡಿಮೆ. ನನಗೋ ಭೌತಶಾಸ್ತ್ರದ ಪದವಿ ಇದೆ ಎಂಬ ಹೆಮ್ಮೆ.

ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಜಪಾನಿ ಟರ್ಬೊ ಕಾರೊಂದು ನಮ್ಮಲ್ಲಿಗೆ ಬಂತು. ಅದರ ಹೆಸರು ಇಲ್ಲಿ ಬೇಡ, ಏಕೆಂದರೆ ತಪ್ಪು ಕಾರಿನದಲ್ಲ, ನಮ್ಮದು. ಯುವಕನಾಗಿದ್ದ ಮಾಲೀಕರ ಅಪೇಕ್ಷೆಯಂತೆ ಟರ್ಬೊದ ಬಾಯಿಯಿಂದ ಹಿಂಭಾಗದ ತನಕ 3 ಇಂಚಿನ ಪೈಪು ಹಾಕಿದೆವು. ಹಳೆಯದು 2.25 ಇಂಚಿನದು. ವ್ಯಾಸದಲ್ಲಿ ಮುಕ್ಕಾಲು ಇಂಚು ಮಾತ್ರ ಹೆಚ್ಚು ಎನಿಸುತ್ತದೆ. ಆದರೆ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ದಾರಿ ಸುಮಾರು 1.78 ಪಟ್ಟು ಅಗಲವಾಯಿತು. ಅಕ್ಟೋಬರ್ ತಿಂಗಳ ಬಿಸಿಲಲ್ಲಿ ಕಾರು ಚೆನ್ನಾಗಿ ಓಡಿತು. ಡಿಸೆಂಬರ್ ಬಂದು ಬೆಳಗಿನ ಹೊತ್ತು ತಂಪಾದ ಮೇಲೆ ಜರ್ಕ್ ಶುರುವಾಯಿತು. ಕಂಪ್ಯೂಟರ್ ಪೆಟ್ರೋಲ್ ಕತ್ತರಿಸುತ್ತಿತ್ತು.

ಉಸ್ತಾದ್ ಆಗ ರಜೆಯಲ್ಲಿ ಊರಿಗೆ ಹೋಗಿದ್ದರು. ಕಾರಿನವರು ಅವಸರ ಮಾಡಿದರು. ಒತ್ತಡದ ಸೆನ್ಸರಿಗೆ ಹೋಗುವ ಸಣ್ಣ ಹೋಸಿನಲ್ಲಿ ನಾನು ಒಂದು ಚಿಕ್ಕ ಸೋರುದಾರಿ ಇಟ್ಟೆ. ಇದರಿಂದ ಸೆನ್ಸರಿಗೆ ನಿಜವಾದ ಒತ್ತಡಕ್ಕಿಂತ ಕಡಿಮೆ ಕಾಣುತ್ತಿತ್ತು. ಜರ್ಕ್ ನಿಂತುಹೋಯಿತು. ಕಾರಿನವರು ಖುಷಿಯಿಂದ ಕೈಕುಲುಕಿ ಹೋದರು. ನಾನೂ ಖುಷಿಪಟ್ಟೆ.

ಹದಿನೈದು ದಿನಕ್ಕೆ ಅದೇ ಕಾರು ರಿಕವರಿ ಲಾರಿಯ ಮೇಲೆ ಮರಳಿ ಬಂತು. ಎಂಜಿನ್ ಬಿಚ್ಚಿದರೆ ನಾಲ್ಕನೇ ಸಿಲಿಂಡರಿನ ಪಿಸ್ಟನ್ ರಿಂಗ್ ಕೂರುವ ಅಂಚಿನಲ್ಲೇ ಒಡೆದಿತ್ತು. ಹಳೆಯ ಸಾಮಾನಿನ ಅಂಗಡಿಯಿಂದ ಬೇರೆ ಎಂಜಿನ್ ತಂದು ಕೂರಿಸಿಕೊಡಬೇಕಾಯಿತು. ಮಾವ ನನ್ನ ಮೂರು ತಿಂಗಳ ಸಂಬಳ ಹಿಡಿದರು, ಉಳಿದದ್ದನ್ನು ತಮ್ಮ ಕೈಯಿಂದ ಹಾಕಿದರು. ಆ ಸಂಬಳದಲ್ಲಿ ತಂಗಿಯ ಕಾಲೇಜು ಫೀಸು ಕಟ್ಟಬೇಕಿತ್ತು. ಆ ವರ್ಷ ಉಮ್ಮ ಬಳೆ ಅಡವಿಟ್ಟು ಕಟ್ಟಿದರು.

ಉಸ್ತಾದ್ ಊರಿನಿಂದ ಬಂದು ಎಲ್ಲವನ್ನೂ ಕೇಳಿದರು. ಬೈಯಲಿಲ್ಲ. "ಬೇಟಾ, ಬೆಂಕಿ ಬಿದ್ದಿದೆ ಎಂದು ಗಂಟೆ ಹೊಡೆಯುವವನ ಕೈ ಕಟ್ಟಿದೆ. ಬೆಂಕಿ ಎಲ್ಲಿದೆ ಎಂದು ನೋಡಲಿಲ್ಲ" ಎಂದಷ್ಟೇ ಹೇಳಿದರು. ಮುಂದಿನ ಒಂದು ವಾರ ಅವರು ತೋರಿಸಿದ್ದು ಈ ಲೇಖನದ ಪಾಠ.

ಟರ್ಬೊ ಮತ್ತು ಅದರ ಕಡಿವಾಣ

ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯಲ್ಲಿ ಶಕ್ತಿ ಇನ್ನೂ ಉಳಿದಿರುತ್ತದೆ. ಅದನ್ನು ಬಳಸಿ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಬಹುದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯುಕಿ 1905ರಲ್ಲಿ ಈ ಕಲ್ಪನೆಗೆ ಪೇಟೆಂಟ್ ಪಡೆದರು. ಹೊಗೆಯ ಕಡೆಯ ಚಕ್ರ ಟರ್ಬೈನ್, ಗಾಳಿಯ ಕಡೆಯದು ಕಂಪ್ರೆಸರ್. ವಾತಾವರಣದ ಒತ್ತಡಕ್ಕಿಂತ ಹೆಚ್ಚಾಗಿ ತುಂಬಿದ ಒತ್ತಡವೇ ಬೂಸ್ಟ್.

ಇಲ್ಲಿ ಒಂದು ಅಪಾಯದ ಸುತ್ತು ಇದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಪೆಟ್ರೋಲ್ ಉರಿಯುತ್ತದೆ. ಆಗ ಹೆಚ್ಚು ಹೊಗೆ. ಹೆಚ್ಚು ಹೊಗೆಯಿಂದ ಟರ್ಬೈನ್ ಇನ್ನೂ ಜೋರು. ಅದರಿಂದ ಮತ್ತಷ್ಟು ಗಾಳಿ. ತಡೆಯುವವರಿಲ್ಲದಿದ್ದರೆ ಇದು ಏರುತ್ತಲೇ ಹೋಗುತ್ತದೆ. ತಡೆಯುವ ಕೆಲಸ ವೇಸ್ಟ್‌ಗೇಟಿನದು. ಟರ್ಬೈನಿಗೆ ಮೊದಲು ಒಂದು ರಂಧ್ರ, ಅದರ ಮೇಲೊಂದು ಮುಚ್ಚಳ. ಬೂಸ್ಟ್ ನಿಗದಿತ ಮಟ್ಟ ಮುಟ್ಟಿದಾಗ ಮುಚ್ಚಳ ತೆರೆದು, ಹೆಚ್ಚಿನ ಹೊಗೆ ಟರ್ಬೈನನ್ನು ಮುಟ್ಟದೆ ನೇರ ಸೈಲೆನ್ಸರಿಗೆ ಹೋಗುತ್ತದೆ. ನಮ್ಮ ಕೆರೆಗಳ ಕೋಡಿ ಮಾಡುವ ಕೆಲಸವೇ ಇದು.

ಮುಚ್ಚಳವನ್ನು ತೆರೆಯುವುದು ಆಕ್ಚುಯೇಟರ್ ಎಂಬ ಡಬ್ಬಿ. ಒಳಗೆ ರಬ್ಬರ್ ಪೊರೆ, ಅದರ ಹಿಂದೆ ಸ್ಪ್ರಿಂಗ್. ಕಂಪ್ರೆಸರಿನಿಂದ ಸಣ್ಣ ಹೋಸಿನಲ್ಲಿ ಬಂದ ಬೂಸ್ಟ್ ಪೊರೆಯನ್ನು ತಳ್ಳುತ್ತದೆ. ಪೊರೆಯ ವ್ಯಾಸ 50 ಮಿಲಿಮೀಟರ್ ಎಂದುಕೊಳ್ಳಿ. ವಿಸ್ತೀರ್ಣ ಸುಮಾರು 0.00196 ಚದರ ಮೀಟರ್. ಬೂಸ್ಟ್ 0.5 ಬಾರ್, ಅಂದರೆ 50,000 ಪ್ಯಾಸ್ಕಲ್. ಬಲ ಎಂದರೆ ಒತ್ತಡ ಗುಣಿಸು ವಿಸ್ತೀರ್ಣ. ಉತ್ತರ ಸುಮಾರು 98 ನ್ಯೂಟನ್, ಅಂದರೆ 10 ಕಿಲೋ ತೂಕದಷ್ಟು. ಸ್ಪ್ರಿಂಗ್ ಇದಕ್ಕೆ ಮಣಿದರೆ ಕಡ್ಡಿ ಚಲಿಸುತ್ತದೆ, ಮುಚ್ಚಳ ತೆರೆಯುತ್ತದೆ. ಸ್ಪ್ರಿಂಗಿನ ಮಟ್ಟಕ್ಕಿಂತ ಹೆಚ್ಚು ಬೂಸ್ಟ್ ಬೇಕಾದಾಗ ಹೋಸಿನ ನಡುವೆ ಇರುವ ವಿದ್ಯುತ್ ಕವಾಟ, ಅಂದರೆ ಸೊಲೆನಾಯ್ಡ್, ಆ ಗಾಳಿಯಲ್ಲಿ ಸ್ವಲ್ಪವನ್ನು ಬೇರೆಡೆಗೆ ಬಿಟ್ಟು ಮುಚ್ಚಳ ತಡವಾಗಿ ತೆರೆಯುವಂತೆ ಮಾಡುತ್ತದೆ. ಅದನ್ನು ನಡೆಸುವುದು ಕಾರಿನ ಕಂಪ್ಯೂಟರ್.

ಹಳೆಯ ಸೈಲೆನ್ಸರ್ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸ

ಉಸ್ತಾದ್ ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಪೈಪು ಬದಲಾಯಿಸಿದ್ದು ಟರ್ಬೊದ ಹಿಂದೆ. ಬೂಸ್ಟ್ ಹೆಚ್ಚಾದದ್ದು ಮುಂದೆ. ಯಾಕೆ?" ಪದವೀಧರನಾದ ನನ್ನ ಬಳಿ ಉತ್ತರವಿರಲಿಲ್ಲ.

ಉತ್ತರ ಇದು. ಟರ್ಬೈನನ್ನು ತಿರುಗಿಸುವುದು ಅದರ ಮುಂದಿರುವ ಒತ್ತಡ ಮಾತ್ರವಲ್ಲ, ಮುಂದಿನ ಮತ್ತು ಹಿಂದಿನ ಒತ್ತಡಗಳ ಅನುಪಾತ. ಅಣೆಕಟ್ಟಿನ ವಿದ್ಯುತ್ ಘಟಕದಲ್ಲಿ ಮೇಲಿನ ನೀರಿನ ಮಟ್ಟದಷ್ಟೇ ಕೆಳಗಿನ ಮಟ್ಟವೂ ಮುಖ್ಯವಲ್ಲವೇ? ಹಾಗೆಯೇ ಇಲ್ಲಿ ಟರ್ಬೈನಿನ ಹಿಂದೆ ಪೈಪು ಇಕ್ಕಟ್ಟಾಗಿದ್ದರೆ ಹೊಗೆ ಹೊರಹೋಗಲು ಒದ್ದಾಡಿ ಅಲ್ಲಿ ಒತ್ತಡ ಕಟ್ಟಿಕೊಳ್ಳುತ್ತದೆ. ಗ್ಯಾರೇಜಿನವರು ಇದನ್ನು ಬ್ಯಾಕ್ ಪ್ರೆಶರ್ ಎನ್ನುತ್ತಾರೆ. ನಾವು ಹಿನ್ನೊತ್ತಡ ಎನ್ನೋಣ.

ಪ್ರಥಮ ಪಿಯುಸಿಯ ಉಷ್ಣಗತಿ ಶಾಸ್ತ್ರದಲ್ಲಿ ಅಡಿಯಾಬ್ಯಾಟಿಕ್ ವಿಸ್ತರಣೆಯ ಸೂತ್ರ ಓದಿದ್ದೀರಿ. ಅದನ್ನೇ ಹಾಕಿ ನೋಡೋಣ. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ಟರ್ಬೈನಿನ ಮುಂದೆ ನಿರಪೇಕ್ಷ ಒತ್ತಡ 2 ಬಾರ್, ಹೊಗೆಯ ತಾಪ 1100 ಕೆಲ್ವಿನ್, ಗಾಮಾ 1.33. ಹಳೆಯ ಪೈಪಿನಲ್ಲಿ ಟರ್ಬೈನಿನ ಹಿಂದೆ 1.3 ಬಾರ್ ಇದ್ದರೆ, ಹೊಗೆ ಟರ್ಬೈನ್ ದಾಟುವಾಗ ಸುಮಾರು 112 ಕೆಲ್ವಿನ್ ತಣಿಯುತ್ತದೆ. ಹೊಸ ಪೈಪಿನಲ್ಲಿ 1.05 ಬಾರಿಗೆ ಇಳಿದರೆ ಸುಮಾರು 163 ಕೆಲ್ವಿನ್ ತಣಿಯುತ್ತದೆ. ಹೊಗೆ ಕಳೆದುಕೊಂಡ ಆ ಶಾಖವೇ ಟರ್ಬೈನಿಗೆ ಸಿಕ್ಕ ಕೆಲಸ. ಅಂದರೆ ಅಷ್ಟೇ ಹೊಗೆಯಿಂದ ಸುಮಾರು 46 ಶೇಕಡಾ ಹೆಚ್ಚು ಕೆಲಸ! ನಿಜವಾದ ಎಂಜಿನ್ನಿನಲ್ಲಿ ಮುಂದಿನ ಒತ್ತಡವೂ ಸ್ವಲ್ಪ ಇಳಿಯುವುದರಿಂದ ವ್ಯತ್ಯಾಸ ಇಷ್ಟು ಬರುವುದಿಲ್ಲ. ಆದರೆ ಅದು ಸಾಗುವ ದಿಕ್ಕು ಇದೇ.

ಈಗ ವೇಸ್ಟ್‌ಗೇಟಿನ ಪಾಡು ನೋಡಿ. ಮೊದಲು ಟರ್ಬೈನಿಗೆ ಬಹಳಷ್ಟು ಹೊಗೆ ಬೇಕಿತ್ತು. ಈಗ ಅದೇ ಬೂಸ್ಟ್ ಹುಟ್ಟಿಸಲು ಕಡಿಮೆ ಹೊಗೆ ಸಾಕು. ಉಳಿದದ್ದೆಲ್ಲ ರಂಧ್ರದ ಮೂಲಕವೇ ಹೋಗಬೇಕು. ಜೊತೆಗೆ ಎಂಜಿನ್ ಸರಾಗವಾಗಿ ಉಸಿರಾಡುವುದರಿಂದ ಒಟ್ಟು ಹೊಗೆಯೂ ಹೆಚ್ಚು. ಆದರೆ ರಂಧ್ರ ಅಷ್ಟೇ ಇದೆ. ಹೊಸ ಪೈಪಿನಿಂದ ರಂಧ್ರಕ್ಕೂ ಸ್ವಲ್ಪ ಅನುಕೂಲ ಆಗುವುದು ನಿಜ, ಆದರೆ ಅದರ ಮೇಲೆ ಬೀಳುವ ಹೊರೆ ಅದಕ್ಕಿಂತ ಬೇಗ ಬೆಳೆಯುತ್ತದೆ. ಎಂಜಿನ್ ವೇಗ ಏರಿದಂತೆ ಮುಚ್ಚಳ ಪೂರ್ತಿ ತೆರೆದಿದ್ದರೂ ಹೊಗೆ ಸಾಲದಷ್ಟು ಮಾತ್ರ ಪಾರಾಗಿ, ಉಳಿದದ್ದು ಟರ್ಬೈನಿಗೇ ನುಗ್ಗುತ್ತದೆ. ಬೂಸ್ಟ್ ಮೆಲ್ಲಮೆಲ್ಲನೆ ಏರುತ್ತದೆ. ಇದಕ್ಕೆ ಬೂಸ್ಟ್ ಕ್ರೀಪ್ ಎಂದು ಹೆಸರು.

ಅಂದರೆ ಬೂಸ್ಟನ್ನು ಅಂಕೆಯಲ್ಲಿಡುವ ಕೆಲಸವನ್ನು ವೇಸ್ಟ್‌ಗೇಟ್ ಒಂದೇ ಮಾಡುತ್ತಿರಲಿಲ್ಲ. ಇಕ್ಕಟ್ಟಾದ ಹಳೆಯ ಸೈಲೆನ್ಸರ್ ಅರ್ಧ ಹೊರೆ ಹೊತ್ತಿತ್ತು. ಕಾರು ಮಾಡಿದವರು ಆ ಇಕ್ಕಟ್ಟನ್ನೂ ಲೆಕ್ಕಕ್ಕೆ ಹಿಡಿದೇ ರಂಧ್ರದ ಅಳತೆ ನಿಗದಿ ಮಾಡಿದ್ದರು.

ಇದನ್ನು ತೋರಿಸುವ ಒಳ್ಳೆಯ ಉದಾಹರಣೆ ಚರಿತ್ರೆಯಲ್ಲೇ ಇದೆ. 1962ರಲ್ಲಿ ಅಮೆರಿಕದಲ್ಲಿ ಟರ್ಬೊ ಹಾಕಿದ ಎರಡು ಕಾರುಗಳು ಮಾರುಕಟ್ಟೆಗೆ ಬಂದವು. ಓಲ್ಡ್ಸ್‌ಮೊಬೈಲ್ ಜೆಟ್‌ಫೈರಿಗೆ ವೇಸ್ಟ್‌ಗೇಟ್ ಇತ್ತು. ಶೆವ್ರೊಲೆ ಕಾರ್ವೇರ್ ಮೊಂಜಾ ಸ್ಪೈಡರಿಗೆ ವೇಸ್ಟ್‌ಗೇಟೇ ಇರಲಿಲ್ಲ. ಅದರಲ್ಲಿ ಬೂಸ್ಟ್ ಮಿತಿ ಮೀರದಂತೆ ನೋಡಿಕೊಳ್ಳುತ್ತಿದ್ದದ್ದು ಕಾರ್ಬ್ಯುರೇಟರಿನ ಇಕ್ಕಟ್ಟು ಮತ್ತು ಸೈಲೆನ್ಸರಿನ ಹಿನ್ನೊತ್ತಡ. ಆ ಕಾರಿಗೆ ಸರಾಗವಾದ ಸೈಲೆನ್ಸರ್ ಹಾಕುವುದೆಂದರೆ ಅದರ ಕಡಿವಾಣವನ್ನೇ ಕಳಚಿದಂತೆ. ಮುಂದೆ ಮಾಜ್ದಾ ಆರ್‌ಎಕ್ಸ್-7ರ ಮೂರನೇ ಪೀಳಿಗೆಯ ಕಾರುಗಳಿಗೆ ದೊಡ್ಡ ಪೈಪು ಹಾಕಿದವರು ಇದೇ ಕ್ರೀಪ್ ಎದುರಿಸಿ ವೇಸ್ಟ್‌ಗೇಟ್ ರಂಧ್ರ ದೊಡ್ಡದು ಮಾಡಿಸಿಕೊಂಡದ್ದು ಆ ಕಾರಿನ ಪ್ರಿಯರಿಗೆಲ್ಲ ಗೊತ್ತಿರುವ ವಿಷಯ.

ಅಕ್ಟೋಬರಿನಲ್ಲಿ ಬಾರದ ಜರ್ಕ್ ಡಿಸೆಂಬರಿನಲ್ಲಿ ಬಂದದ್ದು ಏಕೆ? ಒಂದೇ ಒತ್ತಡದಲ್ಲಿ ಗಾಳಿಯ ಸಾಂದ್ರತೆ ನಿರಪೇಕ್ಷ ತಾಪಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. 42 ಡಿಗ್ರಿ ಎಂದರೆ 315 ಕೆಲ್ವಿನ್, 15 ಡಿಗ್ರಿ ಎಂದರೆ 288. ಭಾಗಿಸಿದರೆ 1.09. ತಂಪು ಬೆಳಗಿನಲ್ಲಿ ಒಂದೊಂದು ಉಸಿರಿಗೂ 9 ಶೇಕಡಾ ಹೆಚ್ಚು ಗಾಳಿ, ಅಷ್ಟೇ ಹೆಚ್ಚು ಹೊಗೆ. ಮೊದಲೇ ತುದಿಯಲ್ಲಿದ್ದ ವೇಸ್ಟ್‌ಗೇಟ್ ಅಲ್ಲಿ ಸೋತಿತು.

ನನ್ನ ತಪ್ಪು ಎಲ್ಲಿತ್ತು

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಗೊತ್ತು. ಬೂಸ್ಟ್ ಮಿತಿ ಮೀರಿದಾಗ ಸಿಲಿಂಡರಿನೊಳಗೆ ಒತ್ತಡವೂ ತಾಪವೂ ಹೆಚ್ಚಿ, ಸ್ಪಾರ್ಕಿನ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದು ನಾಕಿಂಗ್. ಪಿಸ್ಟನ್ನಿಗೆ ಅದು ಸುತ್ತಿಗೆಯ ಏಟು. ಹಾಗಾಗಬಾರದೆಂದು ಒತ್ತಡ ಒಂದು ಮಿತಿ ದಾಟಿದರೆ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ನಮಗೆ ತಿಳಿಯುವ ಜರ್ಕ್ ಅದೇ. ಹೊಸ ಕಾರುಗಳು ಥ್ರಾಟಲ್ ಮುಚ್ಚಿ ಶಕ್ತಿ ಇಳಿಸಿ, ದೀಪವನ್ನೂ ಹೊತ್ತಿಸುತ್ತವೆ.

ನಾನು ಸೆನ್ಸರಿಗೆ ಸುಳ್ಳು ಹೇಳಿಸಿದೆ. ಆ ಕಾರಿನಲ್ಲಿ ಎಷ್ಟು ಪೆಟ್ರೋಲ್ ಹಾಕಬೇಕೆಂಬ ಲೆಕ್ಕವೂ ಅದೇ ಸೆನ್ಸರಿನ ಮಾತಿನ ಮೇಲೆ ನಡೆಯುತ್ತಿತ್ತು. ಒತ್ತಡ ಕಡಿಮೆ ಎಂದು ನಂಬಿದ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಹಾಕಿತು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ, ಕಟ್ ಇಲ್ಲ. ಹದಿನೈದು ದಿನ ತಾಳಿದ್ದೇ ಆ ಪಿಸ್ಟನ್ನಿನ ದೊಡ್ಡತನ.

ಉಸ್ತಾದರ ಮೂರು ಪ್ರಶ್ನೆಗಳು

ಬೇರೆ ಎಂಜಿನ್ ಕೂರಿಸಿದ ಮೇಲೆ ಉಸ್ತಾದ್ ಯಾವುದನ್ನೂ ಒಮ್ಮೆಲೇ ಬದಲಿಸಲಿಲ್ಲ. ಓವರ್‌ಬೂಸ್ಟ್ ಎಂದರೆ ವೇಸ್ಟ್‌ಗೇಟ್ ತನ್ನ ಕೆಲಸ ಮಾಡುತ್ತಿಲ್ಲ ಎಂದಷ್ಟೇ ಅರ್ಥ. ಯಾಕೆ ಮಾಡುತ್ತಿಲ್ಲ ಎಂಬುದಕ್ಕೆ ಮೂರು ಪ್ರಶ್ನೆ ಕೇಳಬೇಕು ಎಂದರು.

ಒಂದು: ಆಜ್ಞೆ ತಲುಪುತ್ತಿದೆಯೇ? ಕಂಪ್ರೆಸರಿನಿಂದ ಆಕ್ಚುಯೇಟರಿಗೆ ಹೋಗುವ ಹೋಸ್ ಬಿರುಕು ಬಿಟ್ಟಿದ್ದರೆ, ಕಳಚಿದ್ದರೆ, ಹೊಸ ಪೈಪಿಗೆ ತಾಗಿ ಸುಟ್ಟಿದ್ದರೆ ಪೊರೆಗೆ ಒತ್ತಡ ಸಿಗುವುದಿಲ್ಲ. ಮುಚ್ಚಳ ತೆರೆಯುವುದೇ ಇಲ್ಲ. ಸೊಲೆನಾಯ್ಡಿನ ಹೋಸುಗಳು ಅದಲುಬದಲಾಗಿದ್ದರೂ ಇದೇ ಕಥೆ. ಈ ದೋಷದಲ್ಲಿ ಬೂಸ್ಟ್ ಮೆಲ್ಲಗೆ ಏರುವುದಿಲ್ಲ, ಟರ್ಬೊ ಎದ್ದ ಕೂಡಲೇ ಒಮ್ಮೆಲೇ ಮೇಲೆ ಹಾರುತ್ತದೆ.

ಎರಡು: ಕೈಕಾಲು ಆಡುತ್ತಿದೆಯೇ? ಗೇಜ್ ಇರುವ ಕೈಪಂಪಿನಿಂದ ಆಕ್ಚುಯೇಟರಿಗೆ ಗಾಳಿ ಕೊಡಬೇಕು. ಕಡ್ಡಿ ಸರಿಯಾದ ಒತ್ತಡದಲ್ಲಿ ಚಲಿಸಬೇಕು, ಒತ್ತಡ ಇಳಿಯದೆ ನಿಲ್ಲಬೇಕು. ಇಳಿದರೆ ಪೊರೆ ಹರಿದಿದೆ. ಮುಚ್ಚಳದ ಕೀಲು ಹಿಡಿದುಕೊಂಡಿದೆಯೇ, ಕಡ್ಡಿಯನ್ನು ಯಾರಾದರೂ ಅತಿಯಾಗಿ ಬಿಗಿದಿದ್ದಾರೆಯೇ ಎಂದು ನೋಡಬೇಕು. ದೊಡ್ಡ ಪೈಪು ಹಾಕಿದ ಕಾರಿನಲ್ಲಿ ಇನ್ನೂ ಒಂದು ಪರೀಕ್ಷೆ ಬೇಕು. ಪೈಪಿನ ಬಾಯಿಯ ಅಂಚು ಅಥವಾ ಒಳಗಿನ ಗೋಡೆ ಮುಚ್ಚಳಕ್ಕೆ ಅಡ್ಡ ಬಂದು ಅದು ಅರ್ಧಕ್ಕೇ ನಿಲ್ಲುತ್ತಿರಬಹುದು. ಪೈಪು ಕಳಚಿ, ಮಸಿಯಲ್ಲಿ ತಾಗಿದ ಗುರುತು ಇದೆಯೇ ಎಂದು ಹುಡುಕಬೇಕು.

ಮೂರು: ದಾರಿ ಸಾಕೇ? ಮೊದಲೆರಡೂ ಸರಿಯಿದ್ದರೆ ಉಳಿಯುವುದು ಇದು. ಪರೀಕ್ಷೆ ಸರಳ. ಸೊಲೆನಾಯ್ಡನ್ನು ಬಿಟ್ಟು, ಕಂಪ್ರೆಸರಿನಿಂದ ಆಕ್ಚುಯೇಟರಿಗೆ ನೇರ ಒಂದು ಗಿಡ್ಡ ಹೋಸ್ ಜೋಡಿಸಬೇಕು. ಈಗ ಕಂಪ್ಯೂಟರಿನ ಪಾತ್ರ ಇಲ್ಲ, ಸ್ಪ್ರಿಂಗ್ ಒಂದೇ. ಬೂಸ್ಟ್ ಸ್ಪ್ರಿಂಗಿನ ಮಟ್ಟದಲ್ಲೇ ಕೊನೆಯವರೆಗೆ ನಿಂತರೆ ರಂಧ್ರ ಸಾಕು, ದೋಷ ಸೊಲೆನಾಯ್ಡ್ ನಡೆಸುವ ಲೆಕ್ಕದ್ದು, ಅದನ್ನು ಕಂಪ್ಯೂಟರಿನಲ್ಲಿ ತಿದ್ದಬಹುದು. ಎಂಜಿನ್ ವೇಗದ ಜೊತೆ ಬೂಸ್ಟ್ ಏರುತ್ತಲೇ ಹೋದರೆ ರಂಧ್ರ ಸಾಲದು. ಆಗ ಯಾವ ಲ್ಯಾಪ್‌ಟಾಪೂ ಏನೂ ಮಾಡಲಾರದು, ಏಕೆಂದರೆ ಪೂರ್ತಿ ತೆರೆದ ಬಾಗಿಲನ್ನು ಇನ್ನೂ ತೆರೆ ಎಂದು ಹೇಳಲಾಗುವುದಿಲ್ಲ.

ನಮ್ಮ ಕಾರನ್ನು ಬೇರೊಂದು ಗ್ಯಾರೇಜಿನ ರೋಲರ್ ಯಂತ್ರದ ಮೇಲೆ ನಿಲ್ಲಿಸಿ ನೋಡಿದೆವು. ನೇರ ಹೋಸಿನಲ್ಲಿ 3500 ಸುತ್ತಿನಲ್ಲಿ 0.55 ಬಾರ್. 4500ರಲ್ಲಿ 0.7. 5500ರಲ್ಲಿ 0.9. ಮುಳ್ಳು ಇನ್ನೂ ಏರುತ್ತಿದ್ದಾಗ ಉಸ್ತಾದ್ ಕಾಲು ತೆಗೆಸಿದರು. ನಾನು ಗ್ರಾಫ್ ಹಾಳೆಯಲ್ಲಿ ಆ ಚುಕ್ಕೆಗಳನ್ನು ಇಟ್ಟು ಗೆರೆ ಎಳೆದೆ. ಕಾಲೇಜಿನಲ್ಲಿ ಎಷ್ಟೋ ಗ್ರಾಫ್ ಎಳೆದಿದ್ದೆ. ಒಂದು ಗೆರೆ ನನ್ನ ತಪ್ಪನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ಅದೇ ಮೊದಲು. ದೋಷ ಮೂರನೆಯದು.

ಪರಿಹಾರ

ಉಸ್ತಾದ್ ಮೊದಲು ಹೇಳಿದ ಪರಿಹಾರ ಹಳೆಯ ಸೈಲೆನ್ಸರನ್ನೇ ಮರಳಿ ಹಾಕುವುದು. ಅದು ಎಲ್ಲಕ್ಕಿಂತ ಅಗ್ಗ, ಖಚಿತ. ಎರಡನೆಯದು 2.5 ಇಂಚಿನ ಪೈಪಿಗೆ ಇಳಿಯುವುದು. ಕಾರಿನವರು ಒಪ್ಪಲಿಲ್ಲ. ಹಾಗಾಗಿ ಮೂರನೆಯದಕ್ಕೆ ಕೈಹಾಕಿದೆವು: ರಂಧ್ರವನ್ನು ದೊಡ್ಡದು ಮಾಡುವುದು.

ಟರ್ಬೊ ಇಳಿಸಿ ಬಿಚ್ಚಿದೆವು. ರಂಧ್ರದ ವ್ಯಾಸ 22 ಮಿಲಿಮೀಟರ್ ಇತ್ತು. ಮುಚ್ಚಳದ ವ್ಯಾಸ 33. ಸುತ್ತಲೂ ಮುಚ್ಚಳ ಕೂರಲು 3 ಮಿಲಿಮೀಟರ್ ಅಂಚು ಉಳಿಸಿ 27ರವರೆಗೆ ಹಿಗ್ಗಿಸಬಹುದು ಎಂದು ಉಸ್ತಾದ್ ಗುರುತು ಹಾಕಿದರು. ವಿಸ್ತೀರ್ಣ 380ರಿಂದ 573 ಚದರ ಮಿಲಿಮೀಟರಿಗೆ ಏರಿತು, ಒಂದೂವರೆ ಪಟ್ಟು. ಕೈ ಗ್ರೈಂಡರಿನಿಂದ ತಾಳ್ಮೆಯಿಂದ ತೇಯಬೇಕಾದ ಕೆಲಸ. ರಂಧ್ರದ ಒಳ ಅಂಚನ್ನು ಹೊಗೆ ಬರುವ ದಿಕ್ಕಿಗೆ ಓರೆಯಾಗಿ ನುಣುಪು ಮಾಡಿದರು. ಜೋರಾಗಿ ಓಡುವ ಹೊಗೆಗೆ ಚೂಪು ತಿರುವು ಹಿಡಿಸುವುದಿಲ್ಲ. ರಂಧ್ರ ದೊಡ್ಡದಿದ್ದರೂ ತಿರುವು ಕೆಟ್ಟದಿದ್ದರೆ ಹೊಗೆ ನೆಟ್ಟಗೆ ಟರ್ಬೈನಿಗೇ ಹೋಗುತ್ತದೆ.

ಇಲ್ಲಿ ನನ್ನ ಓದು ಒಮ್ಮೆ ಉಪಯೋಗಕ್ಕೆ ಬಂತು. ಮುಚ್ಚಳ ಎಷ್ಟು ಏಳಬೇಕು ಎಂದು ಉಸ್ತಾದ್ ಕೇಳಿದರು. ಮುಚ್ಚಳದ ಸುತ್ತ ಹೊಗೆ ಹೊರಬರುವ ದಾರಿ ಒಂದು ಉರುಳೆಯ ಪಕ್ಕದ ಮೇಲ್ಮೈ: ಪರಿಧಿ ಗುಣಿಸು ಎತ್ತರ. ಅದು ರಂಧ್ರದ ವಿಸ್ತೀರ್ಣಕ್ಕೆ ಸಮವಾಗಲು ಎತ್ತರ ವ್ಯಾಸದ ಕಾಲುಭಾಗ ಇರಬೇಕು. 27ಕ್ಕೆ ಸುಮಾರು 7 ಮಿಲಿಮೀಟರ್. ಅಳೆದರೆ ನಮ್ಮ ಮುಚ್ಚಳ ಅಷ್ಟು ಏಳುತ್ತಿರಲಿಲ್ಲ. ತಡೆಯುತ್ತಿದ್ದ ಕಡೆ ತೇದು ದಾರಿ ಮಾಡಿದೆವು. ಉಸ್ತಾದ್ ಬೆನ್ನು ತಟ್ಟಿದರು. ಪಿಸ್ಟನ್ ಒಡೆದ ಮೇಲೆ ನಾನು ನಕ್ಕದ್ದು ಆ ದಿನವೇ.

ಲೋಹದ ಪುಡಿ ಒಂದು ಕಣವೂ ಉಳಿಯದಂತೆ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿದೆವು. ಸೆನ್ಸರಿನ ಹೋಸಿನಲ್ಲಿದ್ದ ನನ್ನ ಸೋರುದಾರಿಯನ್ನು ಉಸ್ತಾದ್ ನನ್ನ ಕೈಯಿಂದಲೇ ತೆಗೆಸಿದರು. ಮತ್ತೆ ನೇರ ಹೋಸಿನ ಪರೀಕ್ಷೆ: 3500ರಲ್ಲಿ 0.5, 5500ರಲ್ಲಿ 0.55, 6000ದಲ್ಲಿ 0.6. ಗ್ರಾಫಿನ ಗೆರೆ ಹೆಚ್ಚುಕಡಿಮೆ ಮಲಗಿತ್ತು. ಆಮೇಲೆ ಸೊಲೆನಾಯ್ಡ್ ಜೋಡಿಸಿ, ಟರ್ಬೊ ಈಗ ಬೇಗ ಏಳುವುದರಿಂದ ಅದರ ಕೆಲಸ ತಗ್ಗಿಸಿ, ಪೆಟ್ರೋಲಿನ ಅಳತೆಯನ್ನು ಹೊಗೆಯ ಆಕ್ಸಿಜನ್ ನೋಡಿ ಹೊಂದಿಸಲಾಯಿತು. ಕಂಪ್ಯೂಟರಿನ ಕಟ್ ಇದ್ದಲ್ಲೇ ಇತ್ತು. ಅದು ಮತ್ತೆ ಹೊಡೆಯಲಿಲ್ಲ, ಹೊಡೆಯುವ ಕಾರಣ ಉಳಿದಿರಲಿಲ್ಲ.

ಹುಡುಗನ ಅಣ್ಣನ ಕಾರು

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ, "ಹಾಗಾದರೆ ನಮ್ಮ ಕಾರಿಗೂ ರಂಧ್ರ ದೊಡ್ಡದು ಮಾಡಿಸಬೇಕಾ ಸರ್?" ಎಂದ. ನಾನು ಮತ್ತೆ "ಬೇಡ" ಎಂದೆ, ಈ ಸಲ ಮೆಲ್ಲಗೆ. ನನ್ನ ಕಥೆ ನನ್ನ ಕಾರಿನದು. ಅವನ ಕಾರಿಗೆ ಮೂರು ಪ್ರಶ್ನೆಗಳನ್ನೂ ಹೊಸದಾಗಿ ಕೇಳಬೇಕು.

ಒಂದು ಭಾನುವಾರ ಅಣ್ಣ ತಮ್ಮ ಇಬ್ಬರೂ ಕಾರನ್ನು ತಂದರು. ಜರ್ಕ್ ಯಾವಾಗ ಬರುತ್ತದೆ ಎಂದು ಕೇಳಿದೆ. ಟರ್ಬೊ ಎದ್ದ ಕೂಡಲೇ, ಬಿಸಿಲಿರಲಿ ತಂಪಿರಲಿ, ಎಂದರು. ಮೆಲ್ಲಗೆ ಏರುವ ಲಕ್ಷಣ ಅಲ್ಲ. ಎಂಜಿನ್ ತಣಿದ ಮೇಲೆ ಟಾರ್ಚ್ ಹಿಡಿದು ನೋಡಿದರೆ ಆಕ್ಚುಯೇಟರಿಗೆ ಹೋಗುವ ರಬ್ಬರ್ ಹೋಸ್ ಹೊಸ ಪೈಪಿಗೆ ತಾಗಿ ಸುಟ್ಟು ತೂತಾಗಿತ್ತು. ಮೊದಲ ಪ್ರಶ್ನೆಯಲ್ಲೇ ಉತ್ತರ ಸಿಕ್ಕಿತು. ಗೇಣುದ್ದದ ಒಂದು ಹೋಸ್, ಎರಡು ಕ್ಲಿಪ್. ಆ ಕಟ್ ತೆಗೆಸಿದ್ದರೆ ಒಂದು ಎಂಜಿನ್.

ಅಣ್ಣನಿಗೆ ಇನ್ನೂ ಒಂದು ಮಾತು ಹೇಳಿದೆ. ವಾಹನ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಮಿನಡಿ ದಂಡವಿದೆ. ರಾತ್ರಿ ಹತ್ತಕ್ಕೆ ಗಲ್ಲಿಯಲ್ಲಿ ಆ ಸದ್ದು ಕೇಳುವ ಪುಟ್ಟ ಮಕ್ಕಳೂ ರೋಗಿಗಳೂ ಇದ್ದಾರೆ. ಮುಂದಿನ ವಾರ ಹಳೆಯ ಸೈಲೆನ್ಸರ್ ಮರಳಿ ಕಾರಿಗೆ ಏರಿತು ಎಂದು ಹುಡುಗ ತಿಳಿಸಿದ. ಪಿಕಪ್ ಸ್ವಲ್ಪ ಕಡಿಮೆಯಂತೆ, ಆದರೆ ಅವನ ಉಮ್ಮನಿಗೆ ಈಗ ಹಿಂದಿನ ಸೀಟಿನಲ್ಲಿ ತಲೆನೋವು ಬರುವುದಿಲ್ಲವಂತೆ.

ಪ್ರಯೋಗಾಲಯದಲ್ಲಿ ಉತ್ತರ ಸರಿಹೊಂದದಿದ್ದಾಗ ರೀಡಿಂಗ್ ತಿದ್ದುವವರನ್ನು ನಾನು ಏಕೆ ಅಷ್ಟು ಗದರುತ್ತೇನೆ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಕಾರಣ ಇದೇ. ಮೀಟರ್ ಬೇಡದ ಮಾತು ಹೇಳಿದಾಗ ಅದರ ಬಾಯಿ ಮುಚ್ಚಬೇಡಿ. ಏಕೆ ಹೇಳುತ್ತಿದೆ ಎಂದು ಹುಡುಕಿ.

ನೀವೇ ಮಾಡಿ ನೋಡಿ

1. ಪೈಪನ್ನು 2.25 ಇಂಚಿನಿಂದ 2.5 ಇಂಚಿಗೆ ಮಾತ್ರ ಬದಲಿಸಿದ್ದರೆ ವಿಸ್ತೀರ್ಣ ಎಷ್ಟು ಪಟ್ಟು ಆಗುತ್ತಿತ್ತು?

2. ಆಕ್ಚುಯೇಟರ್ ಪೊರೆಯ ವ್ಯಾಸ 50 ಮಿಲಿಮೀಟರ್ ಇದ್ದು ಬೂಸ್ಟ್ 0.8 ಬಾರ್ ಆದಾಗ ಅದರ ಮೇಲಿನ ಬಲ ಎಷ್ಟು ನ್ಯೂಟನ್?

3. ಮುಚ್ಚಳದ ಒಳಗೂ ಹೊರಗೂ ಒತ್ತಡದ ವ್ಯತ್ಯಾಸ 1 ಬಾರ್ ಇದ್ದಾಗ ಹೊಗೆ ಮುಚ್ಚಳವನ್ನು ತಳ್ಳುವ ಬಲ 22 ಮಿಲಿಮೀಟರ್ ರಂಧ್ರದಲ್ಲಿ ಎಷ್ಟು, 27ರಲ್ಲಿ ಎಷ್ಟು? ರಂಧ್ರ ದೊಡ್ಡದಾದ ಮೇಲೆ 3500 ಸುತ್ತಿನ ಬೂಸ್ಟ್ 0.55ರಿಂದ 0.5ಕ್ಕೆ ಇಳಿದದ್ದೇಕೆ ಎಂಬುದಕ್ಕೆ ಇದರಲ್ಲಿ ಸುಳಿವಿದೆ.

ಉತ್ತರ ಬರೆದು ತಂದವರಿಗೆ ಸ್ಟಾಫ್ ರೂಮಿನಲ್ಲಿ ಒಂದು ಕಪ್ ಚಹಾ ಕಾದಿದೆ. ಹಾಳೆಯಲ್ಲಿ ಲೆಕ್ಕದ ಹಂತಗಳು ಇರಲಿ.